ಸಿಸ್ಟರ್ ಓಂಕಾರಪ್ಪ

ಬಟ್ಟಂಬಾಂಗ್, ಕಾಂಬೋಡಿಯಾ
12 ಜೂನ್ 2023, ಸೋಮವಾರ

ಅಪ್ಪನಿಗೆ ಅರ್ಪಿತಾಳ ನಮಸ್ಕಾರ.

ಸೋಮವಾರಕ್ಕೊಮ್ಮೆ ಮನೆಗೆ ಫೋನ್ ಮಾಡಲು ನಮಗೆ ಅನುಮತಿ ಇದೆ. ಅಮ್ಮ ಮಾತಾಡುತ್ತಾಳೆ. ಅಜ್ಜಿ ಫೋನನ್ನು ಮೂಗಿಗೆ ತಾಗುವ ಹಾಗೆ ಹಿಡಿದುಕೊಂಡು ನನ್ನನ್ನು ನೋಡುತ್ತಾಳೆ. ಅಷ್ಟರಲ್ಲಿ ನೀವು ಚಪ್ಪಲಿ ಮೆಟ್ಟಿಕೊಳ್ಳುವ ಸದ್ದು ಕೇಳಿಸುತ್ತದೆ, ಆಮೇಲೆ ಬಾಗಿಲ ಸದ್ದು. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಬಸ್ಸಿನಲ್ಲಿ ಪ್ಯಾಸೆಂಜರು ಬಿಟ್ಟುಹೋದ ಹಳೇ ಪೇಪರನ್ನೂ ಓದದೆ ಎಸೆಯುವವರಲ್ಲ ನೀವು.

ಇಲ್ಲಿ ಆರೂವರೆಗೆ ಏಳಬೇಕು. ಪ್ರಾರ್ಥನೆ, ಗ್ರಂಥ ಓದುವುದು, ಖ್ಮೇರ್ ಭಾಷೆ ಕಲಿಯುವುದು. ಆಮೇಲೆ ಹೆಲ್ಮೆಟ್ ಹಾಕಿಕೊಂಡು ಸೈಕಲ್ ಮೇಲೆ ಹೊರಟರೆ ಸಂಜೆವರೆಗೂ ಊರು ಸುತ್ತುವುದು. ಒಬ್ಬಳೇ ಎಲ್ಲಿಗೂ ಹೋಗುವ ಹಾಗಿಲ್ಲ, ಯಾವಾಗಲೂ ಜೋಡಿಯಲ್ಲೇ ಇರಬೇಕು. ನನ್ನ ಜೊತೆಗಾತಿ ಸಿಸ್ಟರ್ ಸಾಂತೋಸ್, ಫಿಲಿಪ್ಪೀನ್ಸ್ ಹುಡುಗಿ. ರಾತ್ರಿ ನಿದ್ದೆಯಲ್ಲಿ ಹಾಡುತ್ತಾಳೆ. ಈ ಧರ್ಮಪ್ರಚಾರದ ಸೇವೆ ಒಂದೂವರೆ ವರ್ಷ ಹೀಗೇ ಇರುತ್ತದೆ.

ಭಾಷೆ ಕಷ್ಟ, ಆದರೂ ಎಲ್ಲೆಲ್ಲೋ ನಮ್ಮ ಪದಗಳು ಸಿಗುತ್ತವೆ. ಗುರುವಿಗೆ ‘ಕ್ರೂ’ ಅಂತಾರೆ, ಮುಖಕ್ಕೆ ‘ಮುಕ್’. ಬಸ್ಸಿನಲ್ಲಿ ಗುರುತಿನವರು ಸಿಕ್ಕಿದ ಹಾಗಾಗುತ್ತದೆ.

ಇಲ್ಲಿ ನಮ್ಮನ್ನು ಮನೆ ಹೆಸರಿನಿಂದಲೇ ಕರೆಯಬೇಕೆಂಬ ನಿಯಮ. ನನಗೆ ಮನೆ ಹೆಸರು ಅಂತ ಬೇರೆ ಏನಿದೆ? ಪಾಸ್‌ಪೋರ್ಟಿನಲ್ಲಿ ನಿಮ್ಮ ಹೆಸರಿದೆ. ಹಾಗಾಗಿ ನನ್ನ ಎದೆ ಮೇಲಿನ ಕಪ್ಪು ಬಿಲ್ಲೆಯಲ್ಲಿ ಖ್ಮೇರ್ ಅಕ್ಷರದಲ್ಲಿ ‘ಸಿಸ್ಟರ್ ಓಂಕಾರಪ್ಪ’ ಅಂತ ಬರೆದಿದೆ. ಅದರ ಕೆಳಗೆ ಯೇಸುವಿನ ಹೆಸರು, ನಮ್ಮ ಸಭೆಯ, ಅಂದರೆ ಚರ್ಚಿನ, ಹೆಸರು. ಮಕ್ಕಳು ಸೈಕಲ್ ಹಿಂದೆ ಓಡಿಬಂದು ‘ಓಂಕಾ, ಓಂಕಾ’ ಅಂತ ಕೂಗುತ್ತವೆ. ನಿಮಗೆ ಸಿಟ್ಟು ಬರಬಹುದು. ನನಗೆ ಮೊದಲ ದಿನ ಅಳು ಬಂತು.

ಜನ ಒಳ್ಳೆಯವರು. ಎಲ್ಲರೂ ಕೂರಿಸಿ ಮಾತಾಡಿಸುತ್ತಾರೆ. ಊಟ, ಆರೋಗ್ಯ ಎರಡಕ್ಕೂ ಕೊರತೆ ಇಲ್ಲ.

ನಿಮ್ಮ ಮಗಳು,
ಅರ್ಪಿತಾ


ಜಗಳೂರು
23 ಜುಲೈ 2023

ಅರ್ಪಿತಾ,
ಜೈ ಭೀಮ್.

ನಿನ್ನ ಕಾಗದ ಬಂತು. ನಿಮ್ಮಮ್ಮ ಒಡೆದು ಟೇಬಲ್ ಮೇಲೆ ಇಟ್ಟಿದ್ದಳು, ಕಣ್ಣಿಗೆ ಬಿತ್ತು, ಓದಿದೆ. ಮನೇಲಿ ನೀನು ಅಂತಿದ್ದವಳು ಕಾಗದದಲ್ಲಿ ನೀವು ಅಂತ ಬರೆದಿದೀಯ. ಚೆನ್ನಾಗೈತೆ.

ಎಲ್ಲರೂ ಕೂರಿಸಿ ಮಾತಾಡಿಸ್ತಾರೆ ಅಂದಿದೀಯ. ಇಪ್ಪತ್ತೆಂಟು ವರ್ಷದಿಂದ ನಾನು ಕಂಡಕ್ಟರ್ ಕೆಲಸ ಮಾಡ್ತಿದೀನಿ. ಗುರುತಿಲ್ಲದವರು ಎದುರಿಗೆ ಬಂದು ನಿಂತರೆ ಜನದ ಮುಖ ಹೆಂಗಾಗುತ್ತೆ ಅಂತ ನನಗೆ ಗೊತ್ತು. ಅದನ್ನ ನನಗೆ ಬರೀಬೇಡ.

ಒಂದು ಪ್ರಶ್ನೆ ಕೇಳ್ತೀನಿ. ನಿಮ್ಮ ತಾತ ಮೂಕಪ್ಪ ಸಾಯೋವರೆಗೂ ಗುಡಿ ಹೊರಗೆ ನಿಂತು ಹಲಗೆ ಬಡಿದ. ಮೆರವಣಿಗೆ ಒಳಗೆ ಹೋಗೋದು, ಅವನು ಹೊರಗೇ ಇರೋನು. ನಾನು ಅದನ್ನ ನೋಡಿ ನೋಡಿ ಸಾಕಾಗಿ ದಾವಣಗೆರೇಲಿ ಧಮ್ಮ ದೀಕ್ಷೆ ತಗೊಂಡೆ. ನಿಮ್ಮಣ್ಣ ಪರಮೇಶನ್ನ ಹೆಗಲ ಮೇಲೆ ಕೂರಿಸ್ಕೊಂಡಿದ್ದೆ. ನೀನಿನ್ನೂ ಹುಟ್ಟಿರಲಿಲ್ಲ. ನನ್ನನ್ನ ಒಳಗೆ ಬಿಡದ ದೇವರನ್ನ ನಾನು ಬಿಟ್ಟೆ. ಅದಕ್ಕೊಂದು ಅರ್ಥ ಐತೆ.

ನೀನು ಬಿಟ್ಟಿದ್ದು ಯಾಕೆ? ಬುದ್ಧ ನಿನಗೆ ಯಾವ ಬಾಗಿಲು ಮುಚ್ಚಿದ್ದ? ಬಿಟ್ಟಿದ್ದಲ್ಲದೆ ಬುದ್ಧನ್ನ ಪೂಜೆ ಮಾಡೋ ದೇಶಕ್ಕೇ ಹೋಗಿದೀಯ. ಅವರ ಬಾಗಿಲಲ್ಲಿ ನಿಂತು ಏನು ಹೇಳ್ತೀಯ? ಅದನ್ನ ಇದ್ದದ್ದು ಇದ್ದಂಗೆ ಬರಿ.

ಚಹಾನೂ ಕುಡಿಯಂಗಿಲ್ಲ ಅಂತ ನಿಮ್ಮಮ್ಮ ಹೇಳಿದಳು. ಅದೆಂಥಾ ಧರ್ಮನೋ.

ಅಜ್ಜಿ ಆರಾಮಾಗಿದಾಳೆ. ಇಲ್ಲಿ ಎಲ್ಲ ಮೊದಲಿನಂಗೇ ಐತೆ.

ಅಪ್ಪ


ಬಟ್ಟಂಬಾಂಗ್
28 ಆಗಸ್ಟ್ 2023, ಸೋಮವಾರ

ಅಪ್ಪಾ,

ನಿನ್ನ ಅಕ್ಷರ ನೋಡಿ ಲಕೋಟೆ ಒಡೆಯದೆ ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ. ಇನ್ನು ನೀನು ಅಂತಲೇ ಬರೆಯುತ್ತೇನೆ.

ನೀನು ಹೇಳಿದ್ದು ನಿಜ. ಯಾರೂ ಕೂರಿಸಿ ಮಾತಾಡಿಸುವುದಿಲ್ಲ. ನಗುತ್ತಾ ಕೈಮುಗಿದು ‘ನಾವು ಬುದ್ಧನವರು’ ಅಂತಾರೆ, ಬಾಗಿಲು ಹಾಕಿಕೊಳ್ಳುತ್ತಾರೆ. ನಾಯಿ ಬಿಡುತ್ತಾರೆ. ಹೋದ ತಿಂಗಳು ಒಂದು ನಾಯಿ ನನ್ನ ಕಾಲಿಗೆ ಕಚ್ಚಿತು. ಇಂಜೆಕ್ಷನ್ ಎಲ್ಲ ಆಯಿತು, ಅಮ್ಮನಿಗೆ ಹೇಳಬೇಡ. ಮಳೆ ಬಂದರೆ ರಸ್ತೆ ಕೆರೆಯಾಗುತ್ತದೆ, ಸೈಕಲ್ ಹೊತ್ತುಕೊಂಡು ನಡೆಯುತ್ತೇವೆ. ವಾರಗಟ್ಟಲೆ ಒಂದು ಮನೆಯೂ ನಮ್ಮನ್ನು ಒಳಗೆ ಕರೆಯದೆ ಹೋಗಿದ್ದಿದೆ. ‘ನಾವು ಬುದ್ಧನವರು’ ಅಂತ ಅವರು ಅಂದಾಗಲೆಲ್ಲ ‘ನಮ್ಮಪ್ಪನೂ’ ಅನ್ನುವುದು ಬಾಯಿಗೆ ಬರುತ್ತದೆ. ಅನ್ನುವುದಿಲ್ಲ.

ಬಾಗಿಲಲ್ಲಿ ನಿಂತು ಏನು ಹೇಳುತ್ತೇನೆ ಅಂತ ಕೇಳಿದೆ. ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ: ‘ನೀವು ಕಳಕೊಂಡವರು ಯಾರಾದರೂ ಇದ್ದಾರಾ? ಅವರನ್ನು ಮತ್ತೆ ನೋಡಬಹುದು ಅಂತ ನಾವು ನಂಬಿದ್ದೇವೆ.’ ಅಷ್ಟೇ. ಮಿಕ್ಕಿದ್ದೆಲ್ಲ ಆಮೇಲಿನದು.

ಬುದ್ಧ ನನಗೆ ಯಾವ ಬಾಗಿಲನ್ನೂ ಮುಚ್ಚಲಿಲ್ಲ ಅಪ್ಪ. ಮುಚ್ಚಿದ್ದು ನೀನು. ಪರಮೇಶಣ್ಣ ಬೈಕಿನಿಂದ ಬಿದ್ದು ತೀರಿಹೋದ ಮೂರನೇ ದಿನ ಅಜ್ಜಿ ತಟ್ಟೇಲಿ ರೊಟ್ಟಿ, ಹುರುಳಿಕಾಳು ಹಾಕಿ ಅವನ ಫೋಟೋ ಮುಂದೆ ಎಡೆ ಇಡಾಕೆ ಬಂದಳು. ನೀನು ತಟ್ಟೆ ಕಿತ್ಕೊಂಡೆ. ‘ಯಾರಿಗವ್ವಾ ಇದು? ಅವನು ಎಲ್ಲೂ ಇಲ್ಲ. ಎಲ್ಲೂ ಇಲ್ಲ’ ಅಂದೆ. ಎರಡು ಸಲ ಅಂದೆ. ನಾನು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದೆ.

ಆಮೇಲೆ ಬೆಂಗಳೂರಿಗೆ ವಾಪಸ್ ಹೋದೆ. ಆಸ್ಪತ್ರೆ ವಾರ್ಡಿನಲ್ಲಿ ನರ್ಸ್ ಡ್ಯೂಟಿ ಮಾಡುವಾಗ ಯಾರಾದರೂ ತೀರಿಕೊಂಡರೆ ‘ಎಲ್ಲೂ ಇಲ್ಲ’ ಅನ್ನುವುದು ಕಿವಿಯಲ್ಲಿ ಕೇಳಿಸುತ್ತಿತ್ತು. ಒಂದು ದಿನ ಬಸ್ ಸ್ಟಾಪಿನಲ್ಲಿ ಬಿಲ್ಲೆ ಹಾಕಿಕೊಂಡ ಇಬ್ಬರು ಹುಡುಗಿಯರು ಮನೇಲಿ ಯಾರ್ಯಾರಿದ್ದೀರಿ ಅಂತ ಕೇಳಿದರು. ಒಬ್ಬ ಅಣ್ಣ ಇದ್ದ ಅಂದೆ. ‘ಈಗಲೂ ಇದ್ದಾನೆ’ ಅಂದಳು ಒಬ್ಬಳು. ಊರಲ್ಲಿ ಜನ ನಾನು ಫಾರಿನ್ ಆಸೆಗೆ ಹೋದೆ ಅಂತಾರಂತೆ. ನಾನು ಹೋಗಿದ್ದು ಆ ಒಂದು ಮಾತಿಗೆ.

ಈಗ ನಿನ್ನ ಹತ್ತಿರ ಒಂದು ಕೇಳಬೇಕು. ನಮ್ಮ ಸಭೆಯಲ್ಲಿ ತೀರಿಕೊಂಡವರ ಹೆಸರಿನಲ್ಲಿ ಬದುಕಿರುವವರು ನೀರಿಗಿಳಿದು ದೀಕ್ಷಾಸ್ನಾನ ಪಡೆಯುವ ಪದ್ಧತಿ ಇದೆ. ಅದು ನಮ್ಮ ದೊಡ್ಡ ದೇವಾಲಯಗಳಲ್ಲಿ ಮಾತ್ರ ನಡೆಯುತ್ತದೆ, ಇಲ್ಲಿ ಅಂಥದ್ದಿಲ್ಲ. ಹಾಗೆ ಮಾಡಿದರೆ ಹೋದವರೂ ಉಳಿದವರೂ ಒಂದೇ ಮನೆಯವರಾಗಿ ಉಳಿಯುವ ದಾರಿ ತೆರೆಯುತ್ತದೆ ಅಂತ ನಮ್ಮ ನಂಬಿಕೆ. ಪರಮೇಶಣ್ಣನ ಹೆಸರಿನಲ್ಲಿ ಮಾಡಿಸಬೇಕು ಅಂತಿದ್ದೇನೆ. ನಿನ್ನ ಒಪ್ಪಿಗೆ ಬೇಕು ಅಪ್ಪ.

ಅರ್ಪಿತಾ


ಜಗಳೂರು
30 ಸೆಪ್ಟೆಂಬರ್ 2023

ಅರ್ಪಿತಾ,

ಬೇಡ. ನನ್ನ ಮಗ ಬುದ್ಧನಿಗೆ ಶರಣು ಹೋದವನು. ಅವನ ಹೆಸರು ಮುಟ್ಟಬೇಡ.

ಓಂಕಾರಪ್ಪ


ಬಟ್ಟಂಬಾಂಗ್
16 ಅಕ್ಟೋಬರ್ 2023, ಸೋಮವಾರ

ಅಪ್ಪಾ,

ನಿನ್ನ ಉತ್ತರ ಇನ್ನೂ ಬಂದಿಲ್ಲ. ಯೋಚನೆ ಮಾಡುತ್ತಿರಬೇಕು ಅಂದುಕೊಂಡಿದ್ದೇನೆ. ನೀನು ಬೇಡ ಅನ್ನುವುದಿದ್ದರೆ ಇಷ್ಟು ಹೊತ್ತು ತಗೊಳ್ಳುವವನಲ್ಲ.

ಇಲ್ಲಿ ಒಬ್ಬ ಅಜ್ಜಿ ಸಿಕ್ಕಿದ್ದಾಳೆ, ಹೆಸರು ಸೋಖಾ. ಇಲ್ಲಿ ಅಜ್ಜಿಗೆ ‘ಯೆಯ್’ ಅಂತಾರೆ. ಹೊಳೆ ಪಕ್ಕ ಕಂಬದ ಮೇಲೆ ಕಟ್ಟಿದ ಮನೆಯಲ್ಲಿ ಒಬ್ಬಳೇ ಇದ್ದಾಳೆ. ಮೊದಲ ದಿನ ಬಿಸಿಲಿಗೆ ನಮ್ಮ ಮುಖ ಕೆಂಪಾಗಿದ್ದು ನೋಡಿ ಮನೆ ಕೆಳಗಿನ ನೆರಳಿಗೆ ಕರೆದಳು. ಚಹಾ ಕೊಟ್ಟಳು. ಕುಡಿಯುವುದಿಲ್ಲ ಅಂದಾಗ ನಿನ್ನ ಹಾಗೇ ನೋಡಿದಳು. ಈಗ ನಾವು ಹೋದರೆ ಬಿಸಿನೀರು ಕಾಸಿಡುತ್ತಾಳೆ.

ಹಿಂದೆ ಖ್ಮೇರ್ ರೂಜ್ ಅನ್ನುವ ಕ್ರೂರ ಸರ್ಕಾರ ಇದ್ದ ಕಾಲದಲ್ಲಿ ಅವಳ ಮೂರು ಮಕ್ಕಳನ್ನು ಕೆಲಸಕ್ಕೆ ಅಂತ ಬೇರೆ ಬೇರೆ ಕಡೆ ಕರೆದುಕೊಂಡು ಹೋದರಂತೆ. ಯಾರೂ ತಿರುಗಿ ಬರಲಿಲ್ಲ. ಎಲ್ಲಿ ಸತ್ತರು, ಹೇಗೆ ಸತ್ತರು ಅನ್ನುವುದು ಅವಳಿಗೆ ಇವತ್ತಿಗೂ ಗೊತ್ತಿಲ್ಲ. ಇದನ್ನೆಲ್ಲ ಮೀನು ಹೆಚ್ಚುತ್ತಾ ಹೇಳಿದಳು. 

ಈ ವಾರ ಇಲ್ಲಿ ಪ್ಚುಂ ಬೆನ್ ಹಬ್ಬ ಮುಗಿಯಿತು. ಬೆನ್ ಅಂದರೆ ನಮ್ಮ ಪಿಂಡ. ಹೆಚ್ಚು ಕಮ್ಮಿ ನಮ್ಮ ಕಡೆಯ ಪಿತೃಪಕ್ಷದ ಹಾಗೆ. ನಸುಕಿನಲ್ಲಿ ಜನ ವಿಹಾರಕ್ಕೆ ಹೋಗಿ ಅನ್ನದ ಉಂಡೆಗಳನ್ನು ಸುತ್ತಲೂ ಎಸೆದು, ಸತ್ತವರ ಹೆಸರು ಕೂಗಿ ಉಣ್ಣಲು ಕರೆಯುತ್ತಾರೆ. ಇವರೂ ಬುದ್ಧನವರೇ ಅಪ್ಪ. ಇವರ ಬುದ್ಧನಿಗೆ ‘ಎಲ್ಲೂ ಇಲ್ಲ’ ಅನ್ನುವುದು ಗೊತ್ತಿಲ್ಲ.

ಯೆಯ್ ಭಾನುವಾರ ನಮ್ಮ ಸಭೆಗೆ ಬರುತ್ತಾಳೆ. ಹಾಡು ಇಷ್ಟ, ಫ್ಯಾನಿನ ಗಾಳಿ ಇನ್ನೂ ಇಷ್ಟ. ದೀಕ್ಷಾಸ್ನಾನಕ್ಕೂ ಒಪ್ಪಿದ್ದಳು. ನನ್ನ ಮಾತು ಕೇಳಿ ಸಭೆಗೆ ಸೇರಿದ ಮೊದಲನೆಯವಳು ಅವಳೇ ಆಗುತ್ತಿದ್ದಳು. ನಾನು ಖುಷಿಯಲ್ಲಿ, ನಿನ್ನ ಮಕ್ಕಳ ಹೆಸರಿನಲ್ಲೂ ಮಾಡಿಸಬಹುದು ಯೆಯ್ ಅಂದೆ. ಮೀನು ಹೆಚ್ಚುತ್ತಿದ್ದ ಅವಳ ಕೈ ನಿಂತಿತು.

‘ಮಾಡಿಸಿದರೆ ಅವರು ಎಲ್ಲಿಗೆ ಹೋಗುತ್ತಾರೆ?’

‘ದೇವರ ಹತ್ತಿರ.’

‘ಆಮೇಲೆ ನನ್ನ ಅನ್ನಕ್ಕೆ ಬರೋರು ಯಾರು? ವರ್ಷಕ್ಕೊಂದು ಸಲ ಬರ್ತಾರೆ. ಅದನ್ನೂ ತಪ್ಪಿಸ್ತೀಯಾ?’

ಸಿಸ್ಟರ್ ಸಾಂತೋಸ್ ಪುಸ್ತಕ ತೆರೆದು ಏನೋ ಓದಲು ಹೋದಳು. ನಾನು ಬೇಡ ಅಂತ ಅವಳ ಕೈ ಹಿಡಿದುಕೊಂಡೆ. ಸ್ನಾನದ ಮಾತು ಅಲ್ಲಿಗೆ ನಿಂತಿದೆ. ಯೆಯ್ ಸಭೆಗೆ ಬರುವುದು ಬಿಟ್ಟಿಲ್ಲ.

ಬೇಗ ಬರಿ.

ಅರ್ಪಿತಾ


ಬಟ್ಟಂಬಾಂಗ್
13 ನವೆಂಬರ್ 2023, ಸೋಮವಾರ

ಅಪ್ಪನಿಗೆ,

ನಿಮ್ಮ ಕಾಗದ ತಲುಪಿತು. ಕೆಳಗೆ ಅಪ್ಪ ಅಂತ ಇರಲಿಲ್ಲ, ಓಂಕಾರಪ್ಪ ಅಂತಿತ್ತು. ಡಿಪೋ ಮ್ಯಾನೇಜರಿಗೆ ಬರೆದ ಹಾಗಿತ್ತು.

ನಿಮ್ಮ ಮಗ ಅಂದಿದ್ದೀರಿ. ಅವನು ನನಗೆ ಅಣ್ಣ. ನನ್ನ ಸಭೆಯ ನಿಯಮದಲ್ಲಿ ಒಡಹುಟ್ಟಿದವಳ ಒಪ್ಪಿಗೆಯೂ ಸಾಕಾಗುತ್ತದೆ. ಇದನ್ನು ಮೊದಲೇ ಹೇಳದೆ ನಿಮ್ಮನ್ನು ಕೇಳಿದೆ. ನೀವು ಒಪ್ಪಿದರೆ ನನಗೆ ಸಮಾಧಾನ ಅಂತ ಕೇಳಿದೆ. ನೀವು ನನಗೆ ಒಂದು ಕಾರಣವನ್ನೂ ಕೊಡಲಿಲ್ಲ.

ಬ್ಯಾಂಕಾಕಿನಲ್ಲಿ ನಮ್ಮ ಹೊಸ ದೇವಾಲಯ ತೆರೆದಿದೆ. ಇಲ್ಲಿನ ಒಂದು ಕುಟುಂಬ ಹೊಸ ವರ್ಷದಲ್ಲಿ ಅಲ್ಲಿಗೆ ಹೊರಟಿದೆ. ಅಣ್ಣನ ಹೆಸರು ಅವರ ಕೈಯಲ್ಲಿ ಕೊಡುತ್ತೇನೆ.

ಇನ್ನೊಂದು ವಿಷಯ. ನೀವು ಭಾನುವಾರದ ಬುದ್ಧವಂದನೆಗೆ ಹೋಗುವುದು ಬಿಟ್ಟು ಮಳೆಗಾಲವೇ ಕಳೆಯಿತು ಅಂತ ಅಮ್ಮ ಹೇಳಿದಳು. ಎಲ್ಲ ಮೊದಲಿನ ಹಾಗೇ ಇದೆ ಅಂತ ನೀವು ಬರೆದಿದ್ದಿರಿ. ನನ್ನ ದೆಸೆಯಿಂದ ಅವರು ನಿಮ್ಮನ್ನು ಹೊರಗೆ ಹಾಕಿದ್ದರೆ ಅದಕ್ಕೆ ನನಗೆ ದುಃಖವಿದೆ. ಆದರೆ ಅದರ ಸಿಟ್ಟನ್ನು ಅಣ್ಣನ ಮೇಲೆ ಹಾಕಬೇಡಿ.

ಅರ್ಪಿತಾ


ಜಗಳೂರು
12 ಡಿಸೆಂಬರ್ 2023

ಮಗಳೇ,

ನೀನು ಕಾರಣ ಕೇಳಿದೀಯ. ಕೊಡ್ತೀನಿ. ಇದನ್ನ ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನ್ ಬಂದಾಗ ನಿಮ್ಮಮ್ಮ ಪಕ್ಕದಲ್ಲೇ ಇರ್ತಾಳೆ, ಅವಳಿಗೆ ಇದು ಗೊತ್ತಿಲ್ಲ. ಅದಕ್ಕೆ ಕಾಗದ. ಹೊಸ ವರ್ಷದಲ್ಲಿ ಹೋಗ್ತಾರೆ ಅಂದಿದೀಯ, ಅಷ್ಟರೊಳಗೆ ನಿನ್ನ ಕೈ ಸೇರುತ್ತೆ ಅಂದ್ಕೊಂಡಿದೀನಿ.

ಮೊದಲು ವಂದನೆ ವಿಷಯ. ನನ್ನನ್ನ ಯಾರೂ ಹೊರಗೆ ಹಾಕಲಿಲ್ಲ. ಒಂದು ಭಾನುವಾರ ವಂದನೆ ಮುಗಿದ ಮೇಲೆ ಒಬ್ಬರು ನಿನ್ನ ವಿಷಯ ಎತ್ತಿದರು. ಹಗುರಾಗಿ ಒಂದು ಮಾತಾಡಿದರು. ‘ನನ್ನ ಮಗಳು ತಪ್ಪು ಮಾಡಿರಬಹುದು, ಅದನ್ನ ನಾನು ಅಂತೀನಿ, ನೀವು ಅನ್ನಂಗಿಲ್ಲ’ ಅಂತ ಹೇಳಿ ಎದ್ದು ಬಂದೆ. ಕರೀತಾನೇ ಇದಾರೆ. ನಾನೇ ಹೋಗಿಲ್ಲ.

ಈಗ ಪರಮೇಶನ ವಿಷಯ. ಅವನು ಬಿದ್ದ ಗಳಿಗೇಲೇ ಜೀವ ಹೋತು, ನೋವು ತಿಳಿಯಲಿಲ್ಲ ಅಂತ ನಿಮಗೆಲ್ಲ ಹೇಳಿದ್ದೆ. ಅದು ನಿಜ ಅಲ್ಲ.

ಆಗ ನಾನು ಹೊನ್ನಾಳಿ ಮೇಲಿಂದ ನ್ಯಾಮತಿ, ಸವಳಂಗ ರೂಟಿನಲ್ಲಿದ್ದೆ. ಅವನು ನ್ಯಾಮತಿ ಟ್ರಾಕ್ಟರ್ ಶೋರೂಮಿನಲ್ಲಿ ಕೆಲಸಕ್ಕಿದ್ದ. ಬಸ್ಸು ನ್ಯಾಮತಿ ಸ್ಟ್ಯಾಂಡಿಗೆ ಬಂದಾಗ ಬಂದು ಒಂದು ಚಹಾ ಕುಡ್ಸಿ ಹೋಗ್ತಿದ್ದ. ಅವತ್ತು ಬರಲಿಲ್ಲ. ಸವಳಂಗದ ಕಡೆ ಯಾರದ್ದೋ ಟ್ರಾಕ್ಟರ್ ರಿಪೇರಿಗೆ ಹೋದ ಅಂದರು. ಊರು ದಾಟಿ ಸ್ವಲ್ಪ ದೂರ ಹೋಗಿದ್ವಿ, ರಸ್ತೇಲಿ ಜನ ನಿಂತಿದ್ದರು. ಡ್ರೈವರ್ ಗುರುಬಸವರಾಜ್ ಬ್ರೇಕ್ ಹಾಕಿ, ‘ಓಂಕಾರಣ್ಣ, ನೀನು ಇಳೀಬೇಡ’ ಅಂದ. ಅವನಿಗೆ ಮೇಲಿಂದ ಬೈಕ್ ಕಂಡಿತ್ತು.

ಇಳಿದೆ. ಪರಮೇಶ ಹೊಂಗೆ ಮರದ ಬುಡದಲ್ಲಿ ಬಿದ್ದಿದ್ದ. ಎಚ್ಚರ ಇತ್ತು. ನಾನು ಕೂತು ಅವನ ತಲೆ ತೊಡೆ ಮೇಲೆ ಇಟ್ಕೊಂಡೆ. ಅಂಬುಲೆನ್ಸಿಗೆ ಫೋನ್ ಮಾಡಿದ್ದರು. ಬಸ್ಸಿನಲ್ಲಿದ್ದ ಹೆಣ್ಣುಮಗಳೊಬ್ಬಳು ಸೆರಗು ಹರಿದು ಕೊಟ್ಟಳು. ರಕ್ತ ನಿಲ್ಲಲಿಲ್ಲ.

ಅವನಿಗೆ ಗೊತ್ತಾಗಿತ್ತು. ‘ಅಪ್ಪಾ, ನಾನೆಲ್ಲಿಗೆ ಹೋಗ್ತೀನಿ?’ ಅಂದ.

‘ಆಸ್ಪತ್ರೆಗೆ ಹೋಗಾಣ ಕಣೋ’ ಅಂದೆ.

‘ಅದಲ್ಲ’ ಅಂದ.

ಅರ್ಪಿತಾ, ನಾನು ಊರೂರು ತಿರುಗಿ ಭಾಷಣ ಮಾಡಿದವನು. ಆತ್ಮ ಇಲ್ಲ, ಸ್ವರ್ಗ ಇಲ್ಲ, ಹೋದ ಮೇಲೆ ಏನೂ ಇಲ್ಲ ಅಂತ ಚನ್ನಗಿರಿ ಸಭೇಲಿ ನಾನು ಮಾತಾಡಿದಾಗ ಮುಂದೆ ಕೂತು ಚಪ್ಪಾಳೆ ಹೊಡೆದವನು ಅವನೇ. ಆ ಹುಡುಗ ನನ್ನ ಮುಖ ನೋಡಿ ಕೇಳ್ತಿದಾನೆ. ಕಣ್ಣಲ್ಲಿ ಭಯ. ಹೊಳೆ ನೀರಿಗೆ ಮೊದಲ ಸಲ ಇಳಿಸಿದಾಗ ಹಂಗೆ ನೋಡಿದ್ದ.

ನಾನು ಹೇಳಿದೆ: ‘ತಾತ ಮುಂದೆ ಹೋಗಿ ನಿಂತಿದಾನೆ ಕಣೋ. ನಿನ್ನನ್ನೇ ಕಾಯ್ತಿದಾನೆ. ಹೋಗು, ಕೈ ಹಿಡ್ಕೊಳ್ತಾನೆ.’

‘ತಾತನಾ?’ ಅಂದ. ಭಯ ಹೋತು. ಒಂದು ಥರ ನಕ್ಕ. ಸ್ವಲ್ಪ ಹೊತ್ತಿಗೆ ಉಸಿರು ನಿಂತಿತು. ಅಂಬುಲೆನ್ಸ್ ಆಮೇಲೆ ಬಂತು.

ಅವ್ವ ಎಡೆ ತಟ್ಟೆ ತಂದಾಗ ನನಗೆ ಏನಾತು ಅಂತ ನಿನಗೆ ಹೆಂಗೆ ಹೇಳಲಿ. ನಾನು ನಂಬದ ಮಾತು ಹೇಳಿ ಮಗನ್ನ ಕಳಿಸಿದ್ದೆ. ಆ ಮಾತು ಒಳಗೆ ಕೂತು ನಂಬು, ನಂಬು ಅಂತಿತ್ತು. ಅದನ್ನ ಅದುಮಾಕೆ ಕೂಗಿದೆ. ನಿನಗೆ ಕೇಳಿಸ್ತು ಅಂತ ಗೊತ್ತಿರಲಿಲ್ಲ.

ನಿನ್ನ ಧರ್ಮದ ಮೇಲಿನ ಸಿಟ್ಟಿಗೆ ಬೇಡ ಅಂದಿದ್ದಲ್ಲ. ನಾನು ಅವನಿಗೆ ಒಂದು ಜಾಗ ಹೇಳಿ ಕಳಿಸಿದೀನಿ. ಅವನು ಒಪ್ಕೊಂಡು ಹೋದ. ನೀನು ಅದನ್ನ ಬದಲಾಯಿಸಬೇಡ. ಇಷ್ಟೇ ಕಾರಣ.

ನಿನ್ನ ಅಪ್ಪ


ಬಟ್ಟಂಬಾಂಗ್
22 ಜನವರಿ 2024, ಸೋಮವಾರ

ಅಪ್ಪಾ,

ನಿನ್ನ ಕಾಗದ ಮೊನ್ನೆ ಶುಕ್ರವಾರ ನನ್ನ ಕೈಗೆ ಬಂತು. ತಿಂಗಳ ಮೇಲೆ ದಾರಿಯಲ್ಲಿತ್ತು. ಆ ಕುಟುಂಬ ಬ್ಯಾಂಕಾಕಿಗೆ ಹೋಗಿ ಬಂದು ಎರಡು ವಾರ ಆಗಿದೆ.

ಆಗಿಬಿಟ್ಟಿದೆ ಅಪ್ಪ. ನನ್ನಷ್ಟೇ ವಯಸ್ಸಿನ ಒಬ್ಬ ಹುಡುಗ ಬಿಳಿ ಬಟ್ಟೆ ಹಾಕಿಕೊಂಡು ನೀರಿಗಿಳಿದು ಅಣ್ಣನ ಹೆಸರಿನಲ್ಲಿ ಮುಳುಗಿ ಎದ್ದಿದ್ದಾನೆ. ಪರಮೇಶ್ ಅನ್ನುವುದನ್ನು ಸರಿಯಾಗಿ ಅನ್ನಬೇಕು ಅಂತ ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಹೋದನಂತೆ. ಬಂದು ನನಗೆ ಹೇಳಿದಾಗ ಅವನ ಮುಖ ಬೆಳಗುತ್ತಿತ್ತು. ನಾನೂ ಅವತ್ತು ಖುಷಿಪಟ್ಟೆ. ಸುಳ್ಳು ಹೇಳುವುದಿಲ್ಲ. ನಿನ್ನ ಎರಡು ಸಾಲಿನ ಕಾಗದದ ಮೇಲಿನ ಸಿಟ್ಟಿನಲ್ಲಿ ಹೆಸರು ಕೊಟ್ಟಿದ್ದೆ, ಆದರೂ ಖುಷಿಪಟ್ಟೆ. ಹದಿನೈದು ದಿನ ಅಣ್ಣ ಸಿಕ್ಕಿದ ಹಾಗೇ ಇದ್ದೆ. ಆಮೇಲೆ ನಿನ್ನ ಕಾಗದ ಬಂತು.

ಓದಿದ ದಿನ ಸೈಕಲ್ ಹತ್ತಲು ಆಗಲಿಲ್ಲ. ಸಿಸ್ಟರ್ ಸಾಂತೋಸ್ ನನ್ನ ಸೈಕಲ್ಲನ್ನೂ ತಳ್ಳಿಕೊಂಡು ಯೆಯ್ ಮನೆವರೆಗೂ ನಡೆದಳು. ಯೆಯ್ ನನ್ನ ಮುಖ ನೋಡಿ, ‘ಯಾರು ಸತ್ತರು?’ ಅಂದಳು. ನಮ್ಮಣ್ಣ ಅಂದೆ. ‘ಈಗಲಾ?’ ಅಂದಳು. ‘ಇಲ್ಲ, ಹಿಂದೆಯೇ. ಹೇಗೆ ಸತ್ತ ಅನ್ನುವುದು ಈಗ ಗೊತ್ತಾಯಿತು’ ಅಂದೆ.

ನನಗೆ ಬರುವ ಹರಕು ಖ್ಮೇರ್‌ನಲ್ಲಿ ಎಲ್ಲ ಹೇಳಿದೆ. ನೀನು ಕೂತಿದ್ದು, ಅವನು ಕೇಳಿದ್ದು, ತಾತನ ವಿಷಯ ನೀನು ಹೇಳಿದ್ದು. ನೀನು ಅದನ್ನು ನಂಬುವುದಿಲ್ಲ ಅಂತಲೂ ಹೇಳಿದೆ. ಅವಳು ಮೀನಿನ ಚಾಕು ಕೆಳಗಿಟ್ಟು ಕೈ ತೊಳೆದುಕೊಂಡು ಬಂದು ನನ್ನ ಪಕ್ಕ ಕೂತಳು. ‘ನನ್ನ ಮಕ್ಕಳಿಗೆ ಹಂಗೆ ಹೇಳೋರು ಯಾರೂ ಇರಲಿಲ್ಲ. ನಿನ್ನಣ್ಣನಿಗೆ ಇದ್ದರು’ ಅಂದಳು. ಆಮೇಲೆ ಅವಳು ಅತ್ತಳು. ಇಷ್ಟು ತಿಂಗಳಲ್ಲಿ ಅವಳು ಅತ್ತಿದ್ದು ನಾನು ನೋಡಿರಲಿಲ್ಲ.

ನಮ್ಮ ನಂಬಿಕೆಯಲ್ಲಿ ಇನ್ನೊಂದು ಮಾತಿದೆ, ನಿನಗೆ ಹೇಳಿರಲಿಲ್ಲ. ನಾವು ಇಲ್ಲಿ ಏನು ಮಾಡಿದರೂ ಅದನ್ನು ತೆಗೆದುಕೊಳ್ಳುವುದು ಬಿಡುವುದು ಹೋದವರಿಗೆ ಬಿಟ್ಟದ್ದು. ಅವರು ಬೇಡ ಅಂದರೆ ಬೇಡವೇ. ಯಾರೂ ಬಲವಂತ ಮಾಡಾಕೆ ಆಗಲ್ಲ. ನಿನಗೆ ಇದು ಸಮಾಧಾನ ಕೊಡುತ್ತೋ ಇಲ್ಲವೋ ಗೊತ್ತಿಲ್ಲ. ನನ್ನ ಹತ್ತಿರ ಇರುವುದು ಇಷ್ಟೇ.

ನಾನು ಈ ನಂಬಿಕೆ ಬಿಡುವುದಿಲ್ಲ ಅಪ್ಪ. ಆಗಸ್ಟ್‌ವರೆಗೂ ಇದ್ದು ಈ ಕೆಲಸ ಮುಗಿಸಿಯೇ ಬರುತ್ತೇನೆ. ಆದರೆ ಬಾಗಿಲಲ್ಲಿ ನಿಂತು ‘ಮತ್ತೆ ನೋಡಬಹುದು’ ಅನ್ನುವ ಆ ಮಾತು ಹೇಳುವುದನ್ನು ನಿಲ್ಲಿಸಿದ್ದೇನೆ. ಈಗ ಮೊದಲು, ನಿಮ್ಮವರು ಹೇಗೆ ಹೋದರು ಅಂತ ಕೇಳುತ್ತೇನೆ. ಅವರು ಹೇಳುವುದು ಮುಗಿಯುವವರೆಗೂ ಕೂತಿರುತ್ತೇನೆ.

ಅಮ್ಮನಿಗೆ ಹೇಳು. ಅವಳಿಂದ ಮುಚ್ಚಿಡಬೇಡ.

ಅರ್ಪಿತಾ


ಜಗಳೂರು
3 ಮಾರ್ಚ್ 2024

ಮಗಳೇ ಅರ್ಪಿತಾ,

ನಿನ್ನ ಕಾಗದ ಓದಿ ಸಿಟ್ಟು ಬಂತು. ಬರಲಿಲ್ಲ ಅಂತ ಹೇಳಲ್ಲ. ಎರಡು ದಿನ ಬಸ್ಸಿನಲ್ಲಿ ಟಿಕೆಟ್ ಕೊಡೋದು ಬಿಟ್ಟರೆ ಯಾರ ಜೊತೆನೂ ಮಾತಾಡಲಿಲ್ಲ. ಆಮೇಲೆ ಅನ್ನಿಸ್ತು, ಪರಮೇಶ ಬದುಕಿದ್ದಾಗ ನನ್ನ ಮಾತಾಗಲಿ ನಿನ್ನ ಮಾತಾಗಲಿ ಯಾವತ್ತು ಕೇಳಿದ್ದ? ಹೆಲ್ಮೆಟ್ ಹಾಕ್ಕೊಳ್ಳೋ ಅಂದರೇ ಕೇಳಲಿಲ್ಲ. ಅವನಿಗೆ ಬಿಟ್ಟದ್ದು ಅಂತ ನೀನು ಬರೆದಿದೀಯಲ್ಲ, ಅದೊಂದು ಮಾತು ನಿಮ್ಮ ಧರ್ಮದಲ್ಲಿ ನನಗೆ ಸರಿ ಕಂಡಿತು. ಮಿಕ್ಕಿದ್ದರ ಬಗ್ಗೆ ನೀನು ಬಂದ ಮೇಲೆ ಜಗಳ ಆಡಾಣ.

ನಿಮ್ಮಮ್ಮನಿಗೆ ಹೇಳಿದೆ. ಹೆಂಗೆ ಶುರು ಮಾಡಬೇಕು ಅಂತ ಗೊತ್ತಾಗದೆ ಅವಳು ಕಡಲೆಕಾಯಿ ಬಿಡಿಸ್ತಾ ಕೂತಿದ್ದಾಗ ನಾನೂ ಪಕ್ಕ ಕೂತು ಬಿಡಿಸ್ತಾ ಹೇಳಿದೆ. ಅವಳು ತಲೆ ಎತ್ತಲಿಲ್ಲ. ಪೂರ್ತಿ ಕೇಳಿದಳು. ಬೈತಾಳೆ ಅಂದ್ಕೊಂಡೆ, ಬೈಲಿಲ್ಲ. ಬಿಡಿಸಿದ ಕಾಳು, ಸಿಪ್ಪೆ ಎರಡನ್ನೂ ಒಂದೇ ಮೊರಕ್ಕೆ ಸುರುವಿ ಎದ್ದು ಹೋದಳು.

ಆ ದಿನ, ಮಾರನೇ ದಿನ ನನ್ನ ಜೊತೆ ಮಾತಿಲ್ಲ. ಅವ್ವ ಬಂದು, ‘ಅಂಜಿನಿ ಯಾಕೋ ಹಿಂಗಿದಾಳೆ, ಏನಂದ್ಯೋ ಅವಳಿಗೆ?’ ಅಂತ ನನ್ನನ್ನೇ ಗದರಿದಳು. ಮೂರನೇ ದಿನ ಬೆಳಗ್ಗೆ ನಿಮ್ಮಮ್ಮ ಒಗೆದ ಸೀರೆ ಉಟ್ಕೊಂಡು ಬಂದು ನಿಂತಳು. ‘ಆ ಜಾಗ ತೋರಿಸ್ರಿ’ ಅಂದಳು.

ರಜೆ ಹಾಕಿ ಕರ್ಕೊಂಡು ಹೋದೆ. ದಾವಣಗೆರೆ, ಹೊನ್ನಾಳಿ, ನ್ಯಾಮತಿ. ದಾರೀಲಿ ಅವಳು ಕೇಳಿದ್ದು ಒಂದೇ ಮಾತು, ‘ನಕ್ಕ ಅಂದ್ರಲ್ಲ, ಹೆಂಗೆ ನಕ್ಕ?’ ಚಿಕ್ಕವನಿದ್ದಾಗ ನಿದ್ದೇಲಿ ನಗ್ತಿದ್ದನಲ್ಲ, ಹಂಗೆ ಅಂದೆ. ಕಿಟಕಿ ಕಡೆ ತಿರುಗಿಕೊಂಡಳು.

ಸವಳಂಗದ ರಸ್ತೇಲಿ ಇಳಿದ್ವಿ. ರಸ್ತೆ ಅಗಲ ಮಾಡಿದಾರೆ, ಹೊಂಗೆ ಮರ ಇಲ್ಲ. ಬುಡ ಸಹಿತ ತೆಗೆದಿದಾರೆ. ಎಲ್ಲಿ ಅಂತ ನನಗೇ ಗೊತ್ತಾಗಲಿಲ್ಲ. ಆಕಡೆ ಈಕಡೆ ನಡೆದೆ. ಎದುರಿಗಿನ ಬೋರ್‌ವೆಲ್ ಮನೆ ನೋಡಿ ಅಂದಾಜು ಮಾಡಿ ಒಂದು ಕಡೆ ನಿಂತೆ. ‘ಇಲ್ಲೇ’ ಅಂದೆ.

‘ಕೂತ್ಕೊಳ್ರಿ’ ಅಂದಳು. ‘ಅವತ್ತು ಹೆಂಗೆ ಕೂತಿದ್ರೋ ಹಂಗೆ.’

ಕೂತೆ. ಬಿಸಿಲಿತ್ತು. ಅವಳು ಬಂದು ಮಣ್ಣಲ್ಲೇ ಮಲಗಿ ನನ್ನ ತೊಡೆ ಮೇಲೆ ತಲೆ ಇಟ್ಟಳು. ಮದುವೆ ಆಗಿ ಇಷ್ಟು ವರ್ಷದಲ್ಲಿ ಜನ ನೋಡೋ ಕಡೆ ನನ್ನ ಪಕ್ಕ ನಿಂತವಳೂ ಅಲ್ಲ ಅವಳು. ಕಣ್ಣು ಮುಚ್ಚಿಕೊಂಡಳು.

‘ಅವನಿಗೆ ಹೇಳಿದ್ದು ಹೇಳ್ರಿ.’

ನಾನು ರಸ್ತೆ ಕಡೆ ನೋಡಿದೆ. ಅವಳು ಕಾದಳು. ಹುಲ್ಲು ತುಂಬಿದ ಟ್ರಾಕ್ಟರೊಂದು ನಿಂತಿತು. ಓಡಿಸೋನು ಮೇಲಿಂದಲೇ, ‘ಯಾಕ್ರೀ ಯಜಮಾನ್ರೇ, ಅಮ್ಮಂಗೆ ಏನಾತು? ನೀರು ಕೊಡ್ಲಾ?’ ಅಂದ. ನಾನು ಬಾಯಿ ತೆರೆಯೋಕೆ ಮುಂಚೆ ಅವಳು ಕಣ್ಣು ಬಿಡದೇ, ‘ಏನಿಲ್ಲಪ್ಪ, ನೀನು ಹೋಗು. ನಮ್ಮ ಹುಡುಗನ ಹತ್ರ ಬಂದಿದೀವಿ’ ಅಂದಳು. ಅವನಿಗೆ ಏನು ತಿಳೀತೋ, ತಲೆಗೆ ಕಟ್ಟಿದ್ದ ಟವೆಲ್ ಬಿಚ್ಚಿ ಕೈಲಿ ಹಿಡ್ಕೊಂಡು ಗಾಡಿ ಮುಂದಕ್ಕೆ ಬಿಟ್ಟ.

ಆಮೇಲೆ ಹೇಳಿದೆ. ಅವತ್ತು ಹೇಳಿದ್ದು ಒಂದಕ್ಷರ ಬಿಡದೆ ಹೇಳಿದೆ. ನಾನು ಅದನ್ನ ಇವತ್ತೂ ನಂಬಲ್ಲ ಅರ್ಪಿತಾ. ಆದರೆ ಅವಳ ಮುಖ ನೋಡ್ತಾ ಹೇಳುವಾಗ ಸುಳ್ಳು ಹೇಳ್ತಿದೀನಿ ಅಂತ ಅನ್ನಿಸಲಿಲ್ಲ.

ತುಂಬಾ ಹೊತ್ತು ಹಂಗೇ ಇದ್ದಳು. ಆಮೇಲೆ ಎದ್ದು ತಲೆಗೆ ಅಂಟಿದ ಮಣ್ಣು ಕೊಡವಿಕೊಂಡಳು. ನನ್ನ ಕಾಲು ಜೋಮು ಹಿಡಿದಿತ್ತು, ಏಳಾಕೆ ಆಗಲಿಲ್ಲ. ಎರಡೂ ಕೈ ಹಿಡಿದು ಎಬ್ಬಿಸಿದಳು.

ನಿನ್ನ ಅಪ್ಪ